ಒಂದೇ ಬಾಗಿಲಿನ ಹನ್ನೊಂದು ಮನೆ

ಬಲಗೈ ಹೇಗೋ ರವಿಕೆಯ ತೋಳಿನೊಳಗೆ ಹೋಯಿತು. ಎಡಗೈ ಮಾತ್ರ ಹಟ ಹಿಡಿದಿತ್ತು. ಮಗಳು ಅಮ್ಮನ ಮೊಣಕೈಯನ್ನು ಮೆಲ್ಲಗೆ ಒತ್ತಿ ನೋಡಿದಳು. ಬಗ್ಗಲಿಲ್ಲ.

"ಜಗ್ಗಬೇಡ ಕಣೇ, ನೋವಾಗತ್ತೆ," ಎಂದಳು ಪಕ್ಕದ ಮನೆಯ ಟೈಲರಕ್ಕ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡು, ಕತ್ತರಿ ತಂದು ರವಿಕೆಯ ಬೆನ್ನನ್ನು ಉದ್ದಕ್ಕೂ ಸೀಳಿದಳು. "ನಾನೇ ಹೊಲಿದುಕೊಟ್ಟಿದ್ದು. ಒಂದು ಸಲಾನೂ ಹಾಕ್ಕೊಳ್ಳಲಿಲ್ಲ, ಜೋಪಾನವಾಗಿ ಇಟ್ಟಿದ್ದಳು ಪುಣ್ಯಾತ್ಗಿತ್ತಿ. ಯಾವ ಮದುವೆಗೆ ಅಂತ ಇಟ್ಟಿದ್ದಳೋ!"

ಅಮ್ಮ ಶಾಲೆಯ ಆಯಾ. ಗಂಟೆ ಹೊಡೆಯುವುದು, ಕೊಠಡಿ ಗುಡಿಸುವುದು, ಮೊಣಕಾಲು ತರಚಿಕೊಂಡು ಬಂದವರಿಗೆ ಔಷಧಿ ಹಚ್ಚುವುದು. ಬೀದಿಗೆಲ್ಲ ಅವಳು ಗಂಟೆಯಮ್ಮ. ಮೊನ್ನೆಯವರೆಗೂ ಗುಂಡುಕಲ್ಲಿನಂತಿದ್ದವಳು, ನಿನ್ನೆ ಶಾಲೆ ಬಿಟ್ಟ ಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲೇ ತಾನೂ ಒರಗಿ ಕೂತವಳು ಏಳಲಿಲ್ಲ. ಊರಿನ ಆ ತುದಿಯಲ್ಲಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವ ಮಗಳು ಸುದ್ದಿ ತಿಳಿದು ಓಡಿ ಬಂದಿದ್ದಳು. ಹನ್ನೊಂದು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು.

"ಅಕ್ಕಾ, ನಾವೂ ಇದೇ ಮನೆಯವರು."

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲಿ ಉದ್ದ ಜಡೆಯ ಹುಡುಗಿ. ಬೆಳಗಿನಿಂದ ಈ ಮಾತು ಕೇಳುತ್ತಿರುವುದು ಇದು ನಾಲ್ಕನೆಯ ಸಲ. ಮೊದಲ ಮೂರು ಸಲ ಮಗಳು ಅದನ್ನು ದುಃಖದ ಮಾತೆಂದುಕೊಂಡಿದ್ದಳು.

"ಹೌದಮ್ಮ. ಎಲ್ಲರನ್ನೂ ತನ್ನವರು ಅಂದುಕೊಂಡವಳು."

"ಹಾಗಲ್ಲಕ್ಕ," ಹೆಂಗಸು ದನಿ ತಗ್ಗಿಸಿದಳು. "ಕಾಗದದಲ್ಲಿ."

ಟೈಲರಕ್ಕ ಕತ್ತರಿ ಕೆಳಗಿಟ್ಟಳು. "ನಿನಗೆ ಹೇಳಿಲ್ಲವಾ ನಿಮ್ಮಮ್ಮ? ಹೇಳಿರಲ್ಲ ಬಿಡು. ಸುತ್ತಮುತ್ತಲ ಬೀದಿಯವರಿಗೆ ಮಾತ್ರ ಈ ಶಾಲೇಲಿ ಜಾಗ. ಮನೆ ಬಿಡಿಸಿದರು, ದೂರ ಹೋದರು ಅಂದ್ರೆ ಮಕ್ಕಳ ಹೆಸರು ಹೊಡೆದುಹಾಕ್ತಾರೆ. ಇವಳು ನೋಡ್ಕೊಂಡು ಸುಮ್ಮನಿರ್ತಾಳಾ? ನನ್ನ ಮನೆ ನಂಬರ್ ಬರೀರಿ ಅಂದ್ಲು. ಒಬ್ಬರಾಯ್ತು, ಇಬ್ಬರಾಯ್ತು... ಈಗ ಹನ್ನೊಂದು ಸಂಸಾರ! ಕಾಲು ಚಾಚಿದ್ರೆ ಗೋಡೆ ತಾಗೋ ಈ ಗೂಡಲ್ಲಿ."

ಮಗಳು ಕೋಣೆಯನ್ನು ನೋಡಿದಳು. ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ಮಂಚದ ತುಂಬ ಅಮ್ಮ.

*

ಮಗಳು ಏಳು ಶಾಲೆ ಕಂಡವಳು. ಅಮ್ಮನಿಗೆ ಆಗ ಕಾಯಂ ಕೆಲಸವಿರಲಿಲ್ಲ, ಕೆಲಸ ಹೋದಲ್ಲೆಲ್ಲ ಮನೆಯೂ ಹೋಗುತ್ತಿತ್ತು. ಒಂದು ಶಾಲೆಗೆ ಹೋದಾಗ ಭಾಗಾಕಾರ ಮುಗಿದಿರುತ್ತಿತ್ತು; ಇನ್ನೊಂದಕ್ಕೆ ಹೋದಾಗ ಅದಿನ್ನೂ ಶುರುವಾಗಿರುತ್ತಿರಲಿಲ್ಲ, ಶುರುವಾಗುವ ಹೊತ್ತಿಗೆ ಇವಳು ಅಲ್ಲಿರುತ್ತಿರಲಿಲ್ಲ. ನದಿಗಳ ಪಾಠವನ್ನು ಮಾತ್ರ ಮೂರು ಕಡೆ ಕಲಿತಳು. ಇವತ್ತಿಗೂ ಲಾಂಡ್ರಿಯಲ್ಲಿ ಬಟ್ಟೆಗಳನ್ನು ಸಮನಾಗಿ ಹಂಚಬೇಕೆಂದರೆ ಇಸ್ಪೀಟು ಎಲೆ ಹಾಕಿದಂತೆ ಒಂದೊಂದಾಗಿ ಹಾಕುತ್ತಾಳೆ. ಜೊತೆಯವರು ನಗುತ್ತಾರೆ, ಅವಳೂ ನಗುತ್ತಾಳೆ.

ಹೊಸ ಮನೆ ಹೊಕ್ಕಾಗಲೆಲ್ಲ ಕೇಳುತ್ತಿದ್ದಳು, "ಅಮ್ಮಾ, ಇಲ್ಲಿ ಎಷ್ಟು ದಿನ?"

"ಮೊದಲು ಚೀಲ ಬಿಚ್ಚು. ಆಮೇಲೆ ನೋಡೋಣ."

ಏಳನೆಯ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಪೆನ್ಸಿಲಿನಲ್ಲಿ ಬರೆದರು. "ಹೇಗೂ ಹೋಗೋವಳು, ಪುಸ್ತಕ ಯಾಕೆ ಗಲೀಜು ಮಾಡೋದು?" ಎಂದು ನಗುತ್ತಲೇ ಅಂದರು, ಕೆಟ್ಟ ಮನುಷ್ಯರೇನಲ್ಲ. ಅಮ್ಮ ಮೇಜಿನ ಈಚೆ ನಿಂತಿದ್ದಳು. ಅದನ್ನು ಕಂಡಳು. ದಾರಿಯುದ್ದಕ್ಕೂ ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮನೆಗೆ ಬಂದಾಗ ಬೆರಳು ಕೆಂಪಾಗಿದ್ದವು.

*

"ಬಾಡಿಗೆ ನೆರವಿಗೆ ಅರ್ಜಿ ಹಾಕಿದೀನಕ್ಕ," ಹೆಂಗಸು ಹೇಳುತ್ತಿದ್ದಳು. ಅವಳು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವವಳು. ಮನೆ ಬಿಡಿಸಿದ ಮೇಲೆ ತಾಯಿ ಮಗಳು ಹಾಸ್ಟೆಲಿನ ದಿನಸಿ ಕೋಣೆಯಲ್ಲಿ ಮೂಟೆಗಳ ನಡುವೆ ಮಲಗುತ್ತಿದ್ದರು. "ಶಾಲೆ ಮಕ್ಕಳಿರೋ ಸಂಸಾರಕ್ಕೆ ಶಾಲೆ ಹತ್ತಿರಾನೇ ಮನೆ ಮಾಡಿಕೊಡ್ತಾರಂತೆ. ವಿಳಾಸ ಬರೀದೆ ಕೊಟ್ಟೆ, ಎರಡು ಸಲ ವಾಪಸ್ ಬಂತು. ಆಮೇಲೆ ಇದನ್ನ ಬರೆದೆ. ಇವತ್ತು ನೋಡೋಕೆ ಬರ್ತಾರೆ. ಇವರು ನನ್ನ ಜೊತೇಲೇ ಇದಾರೆ ಅಂತ ಗಂಟೆಯಮ್ಮ ಸಹಿ ಹಾಕಬೇಕಿತ್ತು."

"ನೋಡು ಚೋದ್ಯಾನ!" ಟೈಲರಕ್ಕ ಕೈ ತಿರುವಿದಳು. "ಮನೆ ಇಲ್ಲದೋರಿಗೆ ನೆರವು, ಆದರೆ ಅರ್ಜಿಗೆ ಮನೆ ವಿಳಾಸ ಬೇಕು. ಹಸಿದೋರಿಗೆ ಊಟ, ಮೊದಲು ಒಂದು ಸಲ ತೇಗಿ ತೋರಿಸು ಅಂದ ಹಾಗೆ."



"ಭಾನುವಾರ ದಿನಸಿ ಕೋಣೆ ಬಿಡಬೇಕು. ಇದಾಗದಿದ್ರೆ ನಮ್ಮ ಭಾವನ ಊರಿಗೆ ಹೋಗೋದೇ. ಅಲ್ಲಿ ಇವಳು ಮತ್ತೆ ಮೊದಲಿಂದ..." ಹೆಂಗಸು ಹುಡುಗಿಯ ಜಡೆ ನೇವರಿಸಿದಳು.

ಮಗಳು ಅಮ್ಮನ ಮುಖ ನೋಡಿದಳು. ಊರ ಮಕ್ಕಳಿಗೆಲ್ಲ ಬಾಗಿಲು ತೆರೆದಳು. ನಾನಿದ್ದಾಗ ಎಲ್ಲಿತ್ತು ಈ ಬಾಗಿಲು? ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ. ಆದರೆ ಬಂದ ಸಿಟ್ಟನ್ನು ಎಲ್ಲಿಗೆ ಕಳಿಸುವುದು?

ಅಷ್ಟರಲ್ಲಿ ಮನೆಯ ಯಜಮಾನರು ಬಂದರು. ಕೊಡೆ ಮಡಚಿ, ಅಮ್ಮನಿಗೆ ಕೈ ಮುಗಿದರು. "ಒಳ್ಳೆ ಹೆಂಗಸು. ಒಂದು ಮಾತಾಡಿದೋಳಲ್ಲ," ಎಂದರು. ಹೊರಡುವಾಗ ಮಗಳನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಈ ಹೊತ್ತಲ್ಲಿ ಹೇಳಬಾರದು. ಒಂದನೇ ತಾರೀಕಿಗೆ ಬೇರೆಯವರಿಗೆ ಮಾತು ಕೊಟ್ಟೆ. ಇನ್ನು ಒಂಬತ್ತು ದಿನ ಇದೆ, ನಿಧಾನಕ್ಕೆ ಖಾಲಿ ಮಾಡು."

ಹತ್ತು ದಾಟಿದ ಮೇಲೆ ಅರ್ಜಿಯ ತಪಾಸಣೆಯವನು ಬಂದ. ಎಳೆ ವಯಸ್ಸು, ಬೆನ್ನಿಗೆ ಚೀಲ, ಬೆವರಿದ ಮುಖ. ಅಷ್ಟು ಹೊತ್ತಿಗೆ ಬೀದಿಯಲ್ಲಿ ನೆರೆದಿದ್ದ ಹನ್ನೊಂದೂ ಸಂಸಾರದವರನ್ನು ನೋಡಿ, "ಇಲ್ಲಿ ಬಾಡಿಗೆಗೆ ಇರೋರು ಯಾರು?" ಎಂದ.

ಉದ್ದ ಜಡೆಯ ಹುಡುಗಿ ಒಳಗೆ ಕೈ ತೋರಿಸಿದಳು.

ಅವನು ಬೂಟು ಬಿಚ್ಚಿ ಒಳಗೆ ಬಂದ, ತಲೆ ತಗ್ಗಿಸಿ ನಿಂತ. ಆಮೇಲೆ ಹೊರಗೆ ಹೋಗಿ ಫೋನು ತೆಗೆದು ಸುಮ್ಮನೆ ಅದನ್ನೇ ನೋಡುತ್ತಿದ್ದ.

"ನಾನು ಸಹಿ ಹಾಕ್ತೀನಿ ಸಾರ್. ಮಗಳು ನಾನು."

"ನೀವು ಇರೋದು ಇಲ್ಲೇನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಸುಳ್ಳು ಹೇಳಬಹುದಿತ್ತೆಂದು ಆಮೇಲೆ ಹೊಳೆಯಿತು.

"ಇದರಲ್ಲಿ ಒತ್ತೋಕೆ ಮೂರೇ ಇರೋದಮ್ಮ," ಅವನು ಫೋನು ಅವಳತ್ತ ತಿರುಗಿಸಿದ. "ಸಹಿ ಆಯಿತು. ಬಾಡಿಗೆದಾರರು ತೀರಿಕೊಂಡಿದ್ದಾರೆ. ಬಾಗಿಲು ಹಾಕಿತ್ತು. ತೀರಿಕೊಂಡಿದ್ದಾರೆ ಅಂತ ಒತ್ತಿದರೆ ಅರ್ಜಿ ಅಲ್ಲಿಗೇ ಮುಗೀತು. ಮತ್ತೆ ಹಾಕೋದು ಮುಂದಿನ ವರ್ಷ."

"ಬಾಗಿಲು ಹಾಕಿತ್ತು ಅಂದ್ರೆ?"

"ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಬರಬಹುದು."

ಹದಿನೈದು. ಮನೆ ಖಾಲಿ ಮಾಡಲು ಒಂಬತ್ತು. ಆ ಲೆಕ್ಕಕ್ಕೆ ಭಾಗಾಕಾರ ಬೇಕಿರಲಿಲ್ಲ. ಆದರೂ ಅವಳು, "ಅದನ್ನೇ ಒತ್ತಿಬಿಡಿ ಸಾರ್," ಎಂದಳು.

"ಒತ್ತುತ್ತಿದ್ದೆ. ಫೋಟೋ ಕೇಳತ್ತೆ. ಬೀಗ ಕಾಣಬೇಕು. ಹತ್ತೂವರೆಗೆ ಈ ಮನೆ ನನ್ನ ಪಟ್ಟಿಯಿಂದ ಹೋಗತ್ತೆ, ಆಮೇಲೆ ನನ್ನ ಕೈಲಿ ಏನೂ ಇಲ್ಲ." ಅವನು ಕೈಗಡಿಯಾರ ನೋಡಿಕೊಳ್ಳಲಿಲ್ಲ. ಫೋನಿನ ಮೇಲೇ ಇತ್ತು, ಹತ್ತು ಇಪ್ಪತ್ತೊಂದು.

"ಬೇಡಕ್ಕ!" ಪಾತ್ರೆ ತೊಳೆಯುವವಳು ಮಗಳ ತೋಳು ಹಿಡಿದಳು. "ಅವರೊಬ್ಬರನ್ನೇ ಒಳಗೆ ಬಿಟ್ಟು... ಬೇಡ. ನಮ್ಮ ಹಣೇಲಿ ಇದ್ದ ಹಾಗಾಗತ್ತೆ."

ಮಗಳು ಹುಡುಗಿಯನ್ನು ಕೇಳಿದಳು, "ಈಗ ಯಾವ ಪಾಠ ನಡೀತಿದೆ?"

"ಬೀಜಗಣಿತ."

"ಮುಗೀತಾ?"

"ಇಲ್ಲ ಆಂಟಿ. ಅರ್ಧ ಆಗಿದೆ."

ಮಗಳು ಒಳಗೆ ಹೋದಳು. ಅಮ್ಮನ ಎದೆಯ ಮೇಲಿನ ಹೊದಿಕೆಯನ್ನು ಸರಿಮಾಡಿ, ಕಿಟಕಿ ಮುಚ್ಚಿ, ಗೋಡೆಯ ಗೂಡಿನಲ್ಲಿದ್ದ ಬೀಗ ತೆಗೆದುಕೊಂಡು ಹೊರಗೆ ಬಂದಳು. ಬಾಗಿಲು ಎಳೆದಳು. ಬೀಗ ಕಚ್ಚಿದ ಸದ್ದಿಗೆ ಟೈಲರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಚಪ್ಪಲಿ," ಎಂದ ತಪಾಸಣೆಯವನು, ತಪ್ಪು ಮಾಡಿದವನ ದನಿಯಲ್ಲಿ. "ಬಾಗಿಲ ಮುಂದೆ ಇಷ್ಟೊಂದು ಚಪ್ಪಲಿ ಇದ್ರೆ..."

ಎಲ್ಲರೂ ಬಗ್ಗಿದರು. ದೊಡ್ಡವು, ಚಿಕ್ಕವು, ಶಾಲೆಯ ಕಪ್ಪು ಬೂಟುಗಳು. ಹೂವಿನ ಬುಟ್ಟಿಯನ್ನು ಯಾರೋ ಎತ್ತಿಕೊಂಡರು, ಬೆಂಚನ್ನು ಯಾರೋ ಪಕ್ಕದ ಮನೆಗೆ ಸಾಗಿಸಿದರು. ಅವನು ಕೈಯಿಂದ ಸನ್ನೆ ಮಾಡಿದಂತೆಲ್ಲ ಗುಂಪು ಹಿಂದೆ ಹಿಂದೆ ಸರಿಯಿತು. ಹನ್ನೊಂದು ಸಂಸಾರದವರು ತಮ್ಮ ತಮ್ಮ ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡು, ಬರಿಗಾಲಲ್ಲಿ, ಚಿತ್ರಕ್ಕೆ ಸಿಗದಂತೆ ಎದುರು ಗೋಡೆಗೆ ಅಂಟಿ ನಿಂತರು.

"ಮೂರು ಸಲ ತಟ್ಟಬೇಕು," ಅವನು ಯಾರನ್ನೂ ನೋಡದೆ ಹೇಳಿದ. "ನಿಯಮ."

ತಟ್ಟಿದ. "ಮನೇಲಿ ಯಾರಾದ್ರೂ ಇದ್ದೀರಾ?"

ಮತ್ತೆ ತಟ್ಟಿದ.

ಮೂರನೆಯ ಸಲ ತಟ್ಟಿದ. ಒಳಗಿದ್ದವರು ಎದ್ದು, ಸೊಂಟ ಹಿಡಿದುಕೊಂಡು, ಬಾಗಿಲವರೆಗೆ ನಡೆದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನು ಕಾದ. ಆಮೇಲೆ ಫೋನು ಎತ್ತಿ ಹಿಡಿದ.