ಚಿಲಕವಿಲ್ಲದ ಬಾಗಿಲು

"ಬಾಗಿಲು ಹಾಕ್ಬೇಡಿ. ನಮ್ಮಲ್ಲಿ ಅದು ರೂಲು," ಎಂದರು ಶಾಲೆಯ ದೊಡ್ಡ ಮೇಡಂ ಎದುರು ಕೋಣೆಯ ತಮ್ಮ ಕುರ್ಚಿಯಿಂದಲೇ.

ಕಂಡಕ್ಟರಮ್ಮನ ಕೈ ಆಗಲೇ ಹಿಡಿಕೆಯ ಮೇಲಿತ್ತು. ಪಾಳಿಯ ನಡುವೆ ಡಿಪೋದಲ್ಲಿ ಗೋಗರೆದು ಒಂದಿಷ್ಟು ಬಿಡುವು ಪಡೆದು, ಖಾಕಿ ಅಂಗಿಯಲ್ಲೇ, ಕೊರಳ ಸೀಟಿಯನ್ನೂ ತೆಗೆಯದೆ ಓಡಿಬಂದಿದ್ದಳು. ಕೈ ಬಿಟ್ಟಳು. ಬಾಗಿಲು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಹೋಗಿ ಗೋಡೆಗೆ ತಗುಲಿ ನಿಂತಿತು. ಅದಕ್ಕೂ ರೂಲು ಅಭ್ಯಾಸವಾಗಿತ್ತು.

ಒಂದು ಕಾಲಕ್ಕೆ ಆಟದ ಸಾಮಾನು ತುಂಬಿದ್ದ ಕೋಣೆಯದು. ಹಳೆಯ ಚೆಂಡುಗಳ ಚರ್ಮದ ವಾಸನೆ ಇನ್ನೂ ಹೋಗಿರಲಿಲ್ಲ. ಗೋಡೆಗೆ ಹಳದಿ ಬಣ್ಣ ಬಳಿದು ಹಲ್ಲು ಕಿರಿಯುವ ಸೂರ್ಯನನ್ನು ಬರೆಸಿದ್ದರು. ಹೊರಗಿನ ಫಲಕದಲ್ಲಿ 'ಮನಸ್ಸು ಬಿಚ್ಚಿ ಮಾತಾಡೋಣ' ಎಂದಿತ್ತು. ಕಿರಿದಾದ ಓಣಿಯ ಆಚೆ, ನೇರ ಎದುರಿಗೆ, ದೊಡ್ಡ ಮೇಡಂ ಅವರ ಕೋಣೆ. ಇಲ್ಲಿ ಬಿಚ್ಚಿದ ಮನಸ್ಸು ಅಲ್ಲಿನ ಮೇಜಿನ ಮೇಲೆ ಬೀಳಲು ಗಾಳಿಯ ಸಹಾಯವೂ ಬೇಕಾಗಿರಲಿಲ್ಲ.

ಮಗಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಆರನೇ ತರಗತಿ. ನಿನ್ನೆ ಕೊನೆಯ ಗಂಟೆ ಹೊಡೆದ ಮೇಲೆ ನೀರಿನ ಬಾಟಲಿಯಿಂದ ಸಹಪಾಠಿಯ ಬಾಯಿಗೆ ಬಾರಿಸಿ ಒಂದು ಹಲ್ಲು ಮುರಿದಿದ್ದಳು. ಮುರಿದದ್ದು ಆಡಳಿತ ಮಂಡಳಿಯ ಸದಸ್ಯರ ಮಗಳ ಹಲ್ಲು. ಯಾಕೆ ಹೊಡೆದೆ ಎಂದು ಇವತ್ತು ಕೌನ್ಸೆಲರ್ ಎದುರು ಬಾಯಿ ಬಿಡಬೇಕು, ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಸಂಜೆಯೊಳಗೆ ಟಿ.ಸಿ. ಆ ಸ್ಟೀಲ್ ಬಾಟಲಿಯನ್ನು, ಠಾಣೆಯಲ್ಲಿ ಕತ್ತಿ ಇಡುವಂತೆ, ಮೇಜಿನ ನಡುವೆ ಇಟ್ಟಿದ್ದರು.

"ಹೇಳು ಪುಟ್ಟಾ, ಆ ಹೊತ್ತಿಗೆ ನಿನಗೆ ಏನನ್ನಿಸ್ತು?" ಎಂದಳು ಕೌನ್ಸೆಲರ್. ಚಿಕ್ಕ ವಯಸ್ಸಿನವಳು, ದನಿಗೆ ಬೆಣ್ಣೆ ಸವರಿದಂತಿತ್ತು.

"ಏನನ್ನಿಸ್ತು ಅಂತ ಕೇಳೋಕೆ ನಿಮಗೆ ಸಂಬಳ ಕೊಡ್ತಾರಾ?" ಎಂದಳು ಕಂಡಕ್ಟರಮ್ಮ. "ಕೇಳ್ತಿರೋದು ನಿಮ್ಮ ಬಾಯಿ, ಕಿವಿ ಮಾತ್ರ ಎದುರು ರೂಮಲ್ಲಿದೆ."

ಓಣಿಯಾಚೆ ಪೆನ್ನಿನ ಸದ್ದು ನಿಂತಿತು.

"ಅಮ್ಮಾ, ದಯವಿಟ್ಟು..." ಎಂದಳು ಕೌನ್ಸೆಲರ್.

"ನಾನು ನಿಮ್ಮಮ್ಮ ಅಲ್ಲ." ಮಗಳ ಕಡೆ ತಿರುಗಿದಳು. "ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೇ? ಬೊಗಳು! ನಾನು ಬಸ್ಸಲ್ಲಿ ಕಂಡೋರ ಹತ್ರ ಎಲ್ಲ ಬೈಸ್ಕೊಂಡು ನಿನ್ನ ಓದಿಸ್ತಿರೋದು ಇದಕ್ಕಾ?" ಎಂದು ಬಾಟಲಿಯನ್ನು ಎತ್ತಿ ಅವಳ ಮುಖದ ಮುಂದೆ ಆಡಿಸಿದಳು.

ಕೈ ತಟ್ಟನೆ ಕೆಳಗೆ ಜಗ್ಗಿತು. ಬಾಟಲಿ ಭಾರವಾಗಿತ್ತು. ನಿನ್ನೆ ಬೆಳಿಗ್ಗೆ ಅವಳೇ ಕಂಠಮಟ್ಟ ತುಂಬಿಸಿ ಕೊಟ್ಟಿದ್ದಳು. ಶಾಲೆ ಬಿಡುವ ಹೊತ್ತಿಗೂ ಅದು ಕಂಠಮಟ್ಟವೇ ಇತ್ತು.

ಈಚೆಗೆ ದಿನಾ ಸಂಜೆ ಹೀಗೇ ಬರುತ್ತಿತ್ತು ಬಾಟಲಿ. ಹೊರೋಕೆ ಕೊಟ್ನಾ ಕುಡಿಯೋಕೆ ಕೊಟ್ನಾ ಎಂದು ಗದರಿ ನೀರನ್ನು ತುಳಸಿಗೋ ಬಚ್ಚಲಿಗೋ ಸುರಿಯುತ್ತಿದ್ದಳು. ಉರಿಮೂತ್ರ ಎಂದು ಹುಡುಗಿ ಅತ್ತಾಗ ಡಾಕ್ಟರು ನೀರು ಕುಡಿಸಿ ಎಂದಿದ್ದರು. ಆ ರಾತ್ರಿಯೂ ಒಂದು ಏಟು ಬಿದ್ದಿತ್ತು. ಹೊಡೆಯುವುದು ಸುಲಭ; ದಣಿದ ಕೈಗೆ ಬೇರೆ ಕೆಲಸ ಹೊಳೆಯುವುದಿಲ್ಲ.

"ಇಡೀ ದಿನ ಯಾಕೆ ಒಂದು ಗುಟುಕೂ ಕುಡಿದಿಲ್ಲ?" ಈ ಸಲ ದನಿ ಏರಲಿಲ್ಲ.

ಹುಡುಗಿ ತೆರೆದ ಬಾಗಿಲ ಕಡೆ ನೋಡಿದಳು. ಕೌನ್ಸೆಲರ್ ಕೂಡ ಅತ್ತಲೇ ನೋಡಿ ತಲೆ ತಗ್ಗಿಸಿದಳು.

"ಅವಳು ನನಗೆ ಹೇಳಿದ್ಲು. ಹೋದ ತಿಂಗಳು," ಎಂದಳು ಕೌನ್ಸೆಲರ್.

"ಏನಂತ?"

"ಯಾರಿಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ."

ಹುಡುಗಿ ಬಾಯಿ ಬಿಟ್ಟದ್ದು ಆಗ. "ಕೊಟ್ರಿ. ಮಾರನೇ ದಿನ ಪ್ರಾರ್ಥನೇಲಿ ಇಡೀ ಸ್ಕೂಲಿಗೆ ಗೊತ್ತಾಯ್ತು."

"ನಾನು ಯಾರ ಹೆಸರೂ ಎತ್ತಿಲ್ಲಮ್ಮ!" ಎದುರು ಕೋಣೆಯಿಂದ ಉತ್ತರ ಬಂತು. "ಟಾಯ್ಲೆಟ್ಟಿಗೆ ಹೋಗೋಕೆ ಹೆದರೋ ರಾಜಕುಮಾರಿಯರು ಮನೇಲೇ ಮುಗಿಸ್ಕೊಂಡು ಬನ್ನಿ ಅಂದೆ. ಅಷ್ಟೇ."

ಗೋಡೆಯ ಸೂರ್ಯ ಹಲ್ಲು ಕಿರಿಯುತ್ತಿದ್ದ.

"ಅಲ್ಲಿ ಚಿಲಕ ಇಲ್ಲ," ಎಂದಳು ಹುಡುಗಿ, ಬಾಟಲಿಯನ್ನೇ ನೋಡುತ್ತ. "ಪ್ರಾರ್ಥನೆ ಆದ ಮೇಲೆ ಎಲ್ರೂ ನನ್ನ ರಾಜಕುಮಾರಿ ಅಂತಾರೆ. ಒಳಗೆ ಹೋದ್ರೆ ಬಾಗಿಲು ತಳ್ತಾರೆ. ನಾನು ಹೊಡೆದ್ನಲ್ಲ, ಅವಳು ಮೊನ್ನೆ..."

ನಿಲ್ಲಿಸಿಬಿಟ್ಟಳು. ಕಣ್ಣು ಮತ್ತೆ ಓಣಿಯತ್ತ ಹೋಯಿತು.

"ನನಗ್ಯಾಕೆ ಹೇಳ್ಲಿಲ್ವೇ?"

"ನೀನು ಹೊಡೀತೀಯ."

ಕಂಡಕ್ಟರಮ್ಮ ಬಾಟಲಿಯನ್ನು ಎದೆಗೆ ಅವಚಿಕೊಂಡಳು.

"ನೀವೂ ಒಂದು ಸ್ವಲ್ಪ ಹೊರಗಿದ್ರೆ..." ಕೌನ್ಸೆಲರ್ ಮೆಲ್ಲಗೆ ಎಂದಳು.

"ಹೆತ್ತೋಳು ಹೊರಗೆ, ಸಂಬಳದೋಳು ಒಳಗೆ! ಬಾಗಿಲು ಹಾಕೋಕೂ ಧೈರ್ಯ ಇಲ್ದೋರು ಮಕ್ಕಳಿಗೆ ಧೈರ್ಯ ಹೇಳ್ತೀರಾ?"

"ಇಲ್ಲ," ಎಂದಳು ಕೌನ್ಸೆಲರ್. ಕಣ್ಣು ತುಂಬಿತ್ತು. "ಹಾಕಿದ್ರೆ ನಾಳೆ ನಾನಿಲ್ಲಿ ಇರಲ್ಲ. ಅದಕ್ಕೇ ಹಾಕ್ಲಿಲ್ಲ."

ಕಂಡಕ್ಟರಮ್ಮ ಅವಳನ್ನು ಒಂದು ಕ್ಷಣ ನುಂಗುವಂತೆ ನೋಡಿದಳು. ಬಾಟಲಿಯನ್ನು ಮಗಳ ತೊಡೆಯ ಮೇಲೆ ಇಟ್ಟಳು. ಆಮೇಲೆ ಓಣಿಗೆ ಬಂದು, ಗೋಡೆಗೆ ಒರಗಿದ್ದ ಬಾಗಿಲನ್ನು ಎಳೆದು ಮುಚ್ಚಿದಳು. ಅದಕ್ಕೂ ಚಿಲಕ ಇರಲಿಲ್ಲ. ಹಿಡಿಕೆಯನ್ನು ಬೆನ್ನ ಹಿಂದೆ ಮುಷ್ಟಿಯಲ್ಲಿ ಹಿಡಿದು, ಬಸ್ಸು ತಿರುವು ಹೊಡೆಯುವಾಗ ನಿಲ್ಲುವಂತೆ ಕಾಲಗಲಿಸಿ ನಿಂತಳು.

ದೊಡ್ಡ ಮೇಡಂ ಎದ್ದೇ ಬಂದರು. "ಏನ್ರೀ ಇದು? ತೆಗೀರಿ ಬಾಗಿಲು."

"ಒಳಗೆ ಜಾಗ ಇಲ್ಲ ಮೇಡಂ."

"ತಮಾಷೆನಾ? ಇದು ನನ್ನ ಸ್ಕೂಲು!"

"ಇರಬಹುದು. ಬಸ್ಸೂ ನಂದಲ್ಲ. ಬಾಗಿಲು ಮಾತ್ರ ನಂದೇ."

"ಸಂಜೆವರೆಗೂ ಕಾಯಲ್ಲ, ಈಗಲೇ ಟಿ.ಸಿ. ಬರೀತೀನಿ. ಒಳಗಿರೋ ಕೌನ್ಸೆಲರ್‌ಗೂ ಸೇರಿಸಿ!"

"ಬರೀರಿ. ಬರೆಯೋಕೆ ನಿಮ್ಮ ಕುರ್ಚಿಗೆ ಹೋಗ್ಬೇಕಲ್ಲ, ಹೋಗಿ. ಆಮೇಲೆ ಆ ಟಾಯ್ಲೆಟ್ಟಿಗೆ ಒಂದ್ಸಲ ಹೋಗಿ ಬನ್ನಿ. ಬಾಗಿಲು ತಳ್ಳೋಕೆ ನಾನೇ ಬರ್ತೀನಿ."

ದೊಡ್ಡ ಮೇಡಂ ಅವರ ಮುಖ ಕೆಂಪೇರಿತು. ಹಿಡಿಕೆಗೆ ಕೈ ಚಾಚಿದರು. ಕಂಡಕ್ಟರಮ್ಮ ಇನ್ನೊಂದು ಕೈಯಿಂದ ಸೀಟಿ ಬಾಯಿಗಿಟ್ಟು ಊದಿದಳು. ಓಣಿಯುದ್ದಕ್ಕೂ ತರಗತಿಗಳ ಬಾಗಿಲುಗಳು ತೆರೆದವು; ಸಾಲು ಸಾಲು ತಲೆಗಳು ಇಣುಕಿದವು. ಅಷ್ಟು ಕಣ್ಣುಗಳ ನಡುವೆ ದೊಡ್ಡ ಮೇಡಂ ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಕಮಿಟಿಗೆ ಫೋನ್ ಮಾಡ್ತೀನಿ," ಎನ್ನುತ್ತ ಒಳಗೆ ಹೋದರು.

ಸೀಟಿಯ ಮಾರ್ದನಿ ಅಡಗಿತು. ಬಾಗಿಲ ಹಿಂದೆ ಮಗಳ ದನಿ, ತಡೆದು ತಡೆದು, ಶುರುವಾಯಿತು.

ಕಂಡಕ್ಟರಮ್ಮನ ಕಿವಿ ತಾನಾಗಿಯೇ ಹಲಗೆಯತ್ತ ವಾಲಿತು. ಅವಳು ತಲೆಯನ್ನು ಹಿಂದಕ್ಕೆಳೆದುಕೊಂಡಳು. ಹಿಡಿಕೆಯನ್ನು ಬಿಡದೆ, ತೋಳು ಎಟುಕುವಷ್ಟು ದೂರ ಸರಿದು, ಓಣಿಯ ತುದಿಗೆ ಕಾಣುವ ಖಾಲಿ ಮೈದಾನವನ್ನು ನೋಡುತ್ತ ನಿಂತಳು. ಎದುರು ಕೋಣೆಯಲ್ಲಿ ಫೋನಿನ ಗುಂಡಿಗಳನ್ನು ಒತ್ತುವ ಸದ್ದು. ಒಳಗಿನ ಮಾತು ಅಲ್ಲಿಂದ ಬರೀ ಗುಜುಗುಜು.

ಬಹಳ ಹೊತ್ತಿನ ಮೇಲೆ ಅದೂ ನಿಂತಿತು. ಆಮೇಲೆ, ನೆಗ್ಗಿದ ಸ್ಟೀಲ್ ಬಾಟಲಿಯ ಮುಚ್ಚಳ ಕಿರ್ರೆಂದು ತಿರುಗಿತು.