ಸೀಸ ಹೊಯ್ದ ಕೊಕ್ಕೆ

ಕಬ್ಬಿಣ ಸುಡುವ ವಾಸನೆ, ಹಲ್ಲಿನ ಬೇರಿಗೇ ಇಳಿಯುವ ಸದ್ದು, ಜುಂಜೇಶನ ಗ್ರೈಂಡರಿಗೆ ಗೋಡೆಯ ಹನ್ನೊಂದು ಕೊಕ್ಕೆ ಉರುಳಿದವು, ಮೂಲೆಯದೊಂದೇ ಉಳಿದಿದೆ — ಇದು ಜಪ್ಪಯ್ಯ ಅನ್ನಲ್ಲ ಮೇಡಂ, ಯಾವನೋ ಪುಣ್ಯಾತ್ಮ ಸೀಸ ಹೊಯ್ದವ್ನೆ. ಆ ಪುಣ್ಯಾತ್ಮ ಮಹೇಕಳ ಅಬ್ಬಾ. ಹಿನ್ನೀರಿನ ದಂಡೆಯ ಈ ಪುಟ್ಟ ಬ್ಯಾರಕ್ಕಿನ ಚರಿತ್ರೆಯನ್ನು ಫಲಕಕ್ಕೆಂದು ಬರೆದುಕೊಟ್ಟವಳು ಅವಳೇ, ಹಿರಿಯೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು, ಒಂದೊಂದು ಪದವನ್ನೂ ಅಳೆದು ಬರೆದಳು: ಯುದ್ಧಕಾಲದಲ್ಲಿ ನೌಕಾಪಡೆಯ ಹುಡುಗರಿಗೆ ದೋಣಿ ಕಲಿಸಲು ಕಟ್ಟಿದ್ದು, ಈ ಕೊಕ್ಕೆಗಳಿಗೆ ಅವರ ತೂಗುಹಾಸಿಗೆ, ಆಮೇಲೆ ಮೀನುಗಾರರ ಬಲೆ, ಆಮೇಲೆ — ಆಮೇಲೆ ಇಲ್ಲಿ ಠಾಣೆ ಹೂಡಿದ ಪೊಲೀಸರು, ನಲವತ್ತು ವರ್ಷದ ಹಿಂದೆ, ಲಾಟೀನು ಹಾಕ್ಬೇಕು, ಮೂಲೆ ಕೊಕ್ಕೆ ಅಲ್ಲಾಡ್ತೈತೆ, ಬಿಗಿ ಮಾಡಲೇ ಎಂದು ಕಮ್ಮಾರಿಕೆಯ ಹಫೀಜನನ್ನು, ಅಬ್ಬಾನನ್ನು, ಕರೆಸಿದರು, ಕಲ್ಲಿನ ತೂತಿಗೆ ಕಾದ ಸೀಸ ಹೊಯ್ದು, ತಾನೇ ಜೋತುಬಿದ್ದು ನೋಡಿ, ಆನೆ ಕಟ್ಟಿದ್ರೂ ಬರಾಕಿಲ್ಲ ಸಾಹೇಬ್ರೇ ಎಂದವನನ್ನು ಆರೇ ತಿಂಗಳಿಗೆ ಅದೇ ಕೊಕ್ಕೆಗೆ, ಕೈ ಹಿಂದಕ್ಕೆ ಕಟ್ಟಿ ಏರಿಸಿದರು — ದೋಣಿ ಎಂಜಿನ್ ಕದ್ದೋರ್ಯಾರು ಬೊಗಳಲೇ — ಲಾಠಿ ಮಂಡಿಗೆ, ಲಾಠಿ ಪಾದಕ್ಕೆ, ಭುಜ ಕಳಚಿದ್ದು ಹಸಿ ಕಬ್ಬು ಮುರಿದಂತೆ. ಕಿತ್ತು ಬಂದಿದ್ರೆ ಉಳ್ಕಂತಿದ್ದೆ ಬೇಟಿ, ಕೆಲಸ ಅಷ್ಟು ಚೆಂದ ಮಾಡಿದ್ನಲ್ಲ, ಅಬ್ಬಾ ನಗುತ್ತಾನೆ, ಬಲಗೈ ಮೇಲೇಳುವುದಿಲ್ಲ, ಅಂಗಿಯ ತೋಳು ಅವಳೇ ಏರಿಸಬೇಕು. ಆಮೇಲೆ ಹಾಸ್ಟೆಲ್ಲಾಯಿತು, ಹುಡುಗಿಯರು ಅದೇ ಕೊಕ್ಕೆಗೆ ಸೊಳ್ಳೆಪರದೆ ಕಟ್ಟಿದರು, ಪ್ರತಿ ಸಲವೂ ಹೊಸ ಸುಣ್ಣ. ಪೊಲೀಸ್ ವಿಷ್ಯ ಬ್ಯಾಡ್ರಿ ಮೇಡಂ, ಟೂರಿಸ್ಟ್ ರೂಮು ಇದು, ಹೊಸದಾಗಿ ಮದ್ವೆ ಆದೋರು ಬರ್ತಾರೆ, ಎಂದರು ಇಂಜಿನಿಯರ್ ಶಿವಕುಮಾರಪ್ಪ, ಸರಿ ಸಾರ್ ಎಂದಳು, ಎಷ್ಟು ಸಭ್ಯವಾಗಿ, ಮತ್ತು ಬರೆದಳು, ಇತರೆ ಸರ್ಕಾರಿ ಉಪಯೋಗಕ್ಕೆ. ಅಬ್ಬಾನ ಭುಜ ಇತರೆ. ಕಿರುಚಾಟ ಇತರೆ. ಈ ಕೊಕ್ಕೆಯೂ ಹೋದರೆ ನಡೆದದ್ದಕ್ಕೆ ಸಾಕ್ಷಿಯೇ ಇಲ್ಲ.

ನಿಲ್ಸು ಜುಂಜೇಶ್ — ಸದ್ದಿನಲ್ಲಿ ಅವನಿಗೆ ಕೇಳದು, ಆಚೆ ನಿಂತ್ಕಳ್ರಿ, ಕಿಡಿ ಕಣ್ಣಿಗೆ ಬೀಳ್ತೈತೆ, ನಿಲ್ಸೋ ಅಂದೆ, ಗ್ರೈಂಡರಿನ ಬಿಲ್ಲೆ ಕಬ್ಬಿಣವನ್ನು ಕಚ್ಚಿತು, ಅವಳ ಅಂಗೈ ಹೋಗಿ ಕೊಕ್ಕೆಯನ್ನು ಮುಚ್ಚಿತು, ಬಿಸಿ, ಮೊದಲು ಬರೀ ಬಿಸಿ, ಅಯ್ಯೋ ನಮ್ಮವ್ವ, ಲೇ ವೈರ್ ಕೀಳ್ರೋ, ಯಾರೋ ವೈರ್ ಕಿತ್ತರು, ಆದರೂ ತಿರುಗುವ ಬಿಲ್ಲೆ, ಕೊಕ್ಕೆ ಬಿದ್ದಿಲ್ಲ, ಫಲಕ ತಿದ್ದಬೇಕು ಎಂದು ಹೇಳಬೇಕು, ಬಿಲ್ಲೆ, ಅವಳದೇ ರಕ್ತವನ್ನು ಹೊಸ ಸುಣ್ಣದ ಮೇಲೆ ಚಿಮುಕಿಸುತ್ತ, ನಿಲ್ಲದೆ, ತನ್ನಷ್ಟಕ್ಕೆ ತಿರುಗುವ ಬಿಲ್ಲೆ