ಪ್ಲಗ್ಗು ಬಿಸ್ಕತ್ತಿನ ಬಣ್ಣಕ್ಕೆ ಬಂದದ್ದು

ಗಡಿಯಾಚೆಯ ಮಲಯಾಳಂ ಸೀಮೆಯ ಮೀನಂಗಡಿ ಎಂಬ ಊರಿನ ತರಕಾರಿ ವ್ಯಾಪಾರಿ ಮಹದೇವಪ್ರಸಾದನಿಗೆ ಬೈಕೆಂದರೆ ಪ್ರಾಣ, ವೇಗವೆಂದರೆ ಪ್ರಾಣಭಯ. ಅಪ್ಪನ ಕಾಲದ ಟೂ-ಸ್ಟ್ರೋಕ್ ಬೈಕನ್ನು ಅವನು ಮೂವತ್ತರ ಮೇಲೆ ಓಡಿಸಿದ್ದನ್ನು ಕಂಡವರಿಲ್ಲ. ಹಿಂದೆ ಕೂತ ಹೆಂಡತಿ ಪ್ರೇಮಲತಾ, "ಸ್ವಲ್ಪ ಜೋರಾಗಿ ಹೋಗ್ರೀ, ಆಟೋದವ್ರೆಲ್ಲ ಮುಂದೆ ಹೋಯ್ತಾವ್ರೆ" ಅಂದರೆ ಒಂದೇ ಉತ್ತರ: "ಜೋರಾಗಿ ಹೋದ್ರೆ ಇಂಜಿನ್‌ಗೆ ಒಳ್ಳೇದಲ್ಲ."

ಪ್ರೇಮಲತಾ ಸುಮ್ಮನಾಗುತ್ತಿದ್ದಳು. ಗುರುವಾರ ಬಂದೇ ಬರುತ್ತಿತ್ತಲ್ಲ. ಅಂದು ಗಂಡ ಲಾರಿ ಹತ್ತಿ ಗುಂಡ್ಲುಪೇಟೆಗೆ ತರಕಾರಿ ತರಲು ಹೋದರೆ ಮರಳುವುದು ಸಂಜೆಗೆ. "ಪೊನ್ಕುಳಿ ದೇವಸ್ಥಾನಕ್ಕೆ ಹೋಗ್ಬತ್ತೀನಿ" ಎಂದು ಅವಳು ಹೇಳುತ್ತಿದ್ದುದು ಸುಳ್ಳೇನಲ್ಲ. ಯಾವುದರಲ್ಲಿ ಹೋಗುತ್ತೇನೆ ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ತವರಿನಲ್ಲಿ ಅಣ್ಣನ ಬೈಕಿನಲ್ಲಿ ಕಲಿತವಳು, ಲೈಸೆನ್ಸೂ ಇತ್ತು. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತಾ, ಹಾಡು ಬರುತ್ತಾ ಎಂದು ಕೇಳಿದರೇ ಹೊರತು ಬೈಕು ಬರುತ್ತಾ ಎಂದು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ಅವಳಿಗಿಲ್ಲ. ಕೆಂಪು ಹೆಲ್ಮೆಟ್ ಹಾಕಿ, ಗಂಡನ ಬೈಕಿನಲ್ಲಿ ಬತ್ತೇರಿ ಪೇಟೆ ದಾಟಿ, ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ವಾರವಿಡೀ ಹೊತ್ತ ಬುಟ್ಟಿ ತಲೆಯಿಂದ ಇಳಿದ ಹಾಗಾಗುತ್ತಿತ್ತು. ಆ ಒಂದು ದಿನಕ್ಕಾಗಿ ಉಳಿದ ದಿನಗಳನ್ನು ಅವಳು ನಗುನಗುತ್ತ ಕಳೆಯುತ್ತಿದ್ದಳು.

ಇದರಿಂದ ಬೈಕಿಗೂ ಉಪಕಾರವೇ. ಆಮೆ ನಡಿಗೆಯಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಬುಧವಾರದ ಹೊತ್ತಿಗೆ ಇಂಜಿನ್ ಕೆಮ್ಮುತ್ತಿತ್ತು, ಅದಕ್ಕೆ ಕಿಡಿ ಕೊಡುವ ಪ್ಲಗ್ಗು ಬಾಣಲೆಯ ತಳದಷ್ಟು ಕಪ್ಪಾಗುತ್ತಿತ್ತು. ಮಹದೇವಪ್ರಸಾದ ಅಂಗಳದಲ್ಲಿ ಪೇಪರ್ ಹಾಸಿ ಕಾರ್ಬುರೇಟರ್ ಬಿಚ್ಚಿ ತೊಳೆಯುತ್ತಿದ್ದ. ಗುರುವಾರ ಹೆಂಡತಿ ಜೋರಾಗಿ ಓಡಿಸಿ ಒಳಗಿನ ಮಸಿಯನ್ನೆಲ್ಲ ಸುಟ್ಟು ತರುತ್ತಿದ್ದಳು. ಶುಕ್ರವಾರ ಬೈಕು ಕರುವಿನಂತೆ ನೆಗೆಯುತ್ತಿತ್ತು.

"ನೋಡ್ದಾ ನನ್ನ ಕೈಗುಣ" ಎನ್ನುತ್ತಿದ್ದ.

"ನಿಮ್ಮ ಕೈಗೆ ಯಾರ ಕೈ ಸಾಟಿ" ಎನ್ನುತ್ತಿದ್ದಳು.

ಹೀಗಿರುವಾಗ ಮೊಬೈಲಿನಲ್ಲಿ ಯಾವನೋ ಪಂಡಿತ, ಪ್ಲಗ್ಗು ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ಸಣ್ಣ ಜೆಟ್ ಹಾಕಿ ಎಂದ. ಜೆಟ್ಟೆಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ, ತೂತಿರುವ ಹಿತ್ತಾಳೆ ತಿರುಪು. ಮಹದೇವಪ್ರಸಾದ ಒಂದಕ್ಕೆ ಎರಡು ತಂದು, ಬುಧವಾರ ಒಂದನ್ನು ಕೂರಿಸಿದ.

ಮರುದಿನ ಬತ್ತೇರಿ ದಾಟಿ ಪ್ರೇಮಲತಾ ಕೈ ತಿರುಗಿಸಿದಳು. ಇಂಜಿನ್ ಕಿಣಿಕಿಣಿ ಎಂದಿತು, ಸೊರಗಿತು, ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಂಡಿತು. ಥಟ್ಟನೆ ಕ್ಲಚ್ ಹಿಡಿದದ್ದರಿಂದ ಬೀಳದೆ ಉಳಿದಳು. ರಸ್ತೆ ಬದಿ ಕೂತು ನೀರು ಕುಡಿದಳು. ಇಂಜಿನ್ ತಣ್ಣಗಾದ ಮೇಲೆ ಗಂಡನ ವೇಗದಲ್ಲೇ ಮೀನಂಗಡಿಗೆ ಬಂದು ತನ್ನನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಮೆಕ್ಯಾನಿಕ್ ಷಿಬುವಿನ ಮುಂದೆ ನಿಲ್ಲಿಸಿದಳು.

ಷಿಬು ಪ್ಲಗ್ಗು ಬಿಚ್ಚಿದ. ವಿಭೂತಿಯಷ್ಟು ಬೆಳ್ಳಗಿತ್ತು. "ಚೇಚೀ, ಪೆಟ್ರೋಲ್ ಸಾಕಾಗದೆ ಇಂಜಿನ್ ಹಿಡ್ಕೊಂಡದ್ದು. ಪ್ರಸಾದ್ ಚೇಟ್ಟನ್ ಮೆಲ್ಲೆ ಓಡಿಸೋದಕ್ಕೆ ಈ ಜೆಟ್ ಸಾಕು. ನಿಮ್ಮ ಸ್ಪೀಡಿಗೆ ತಲೆ ಪೋಗುಂ."

"ಮೊದಲಿನ ಅಳತೇದೇ ಹಾಕಪ್ಪ. ಬಾಯಿ ಮಾತ್ರ ಬಿಡಬೇಡ."

ಷಿಬು ನಗುತ್ತಲೇ ಹಾಕಿಕೊಟ್ಟ. ಪರೀಕ್ಷೆಗೆಂದು ಪನಮರಂ ಕಡೆ ಜೋರಾಗಿ ಒಂದು ಸುತ್ತು ಹೊಡೆದು ಅವಳು ಮನೆ ಸೇರಿದಳು.

ಯಾವಾಗಲೂ ಬುಧವಾರವೇ ಪ್ಲಗ್ಗು ನೋಡುತ್ತಿದ್ದ ಮಹದೇವಪ್ರಸಾದ, ತನ್ನ ಜೆಟ್ಟಿನ ಫಲ ನೋಡಲೆಂದು, ಮೊದಲ ಸಲ ಶುಕ್ರವಾರ ಬಿಚ್ಚಿದ. ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಹದವಾಗಿ ಬೆಂದ ಬಿಸ್ಕತ್ತಿನ ಬಣ್ಣ. ಅದನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಯಲ್ಲೆಲ್ಲ ತೋರಿಸಿ ಬಂದ. ಸಂಜೆಗೆ ಪಕ್ಕದ ಮನೆಯ ಅಚ್ಯುತನ್ ಅಂಥದೇ ಬೈಕು ತಳ್ಳಿಕೊಂಡು ಬಂದ. ಹಾಲಿನ ಕ್ಯಾನು ಕಟ್ಟಿಕೊಂಡು ಗಾಳಿಯಂತೆ ಹೋಗುವ ಮನುಷ್ಯ.

"ಪ್ರಸಾದೇ, ನನ್ನದಕ್ಕೂ ಆ ಸಣ್ಣ ಜೆಟ್ ಹಾಕಿಕೊಡು."

ಮಹದೇವಪ್ರಸಾದ ಉಬ್ಬಿಹೋಗಿ ಎರಡನೆಯ ಜೆಟ್ ಕೈಗೆತ್ತಿಕೊಂಡ. ಕಾಫಿ ತಂದ ಪ್ರೇಮಲತಾ ಬಾಗಿಲಲ್ಲೇ ನಿಂತಳು. ಸುಮ್ಮನಿದ್ದರೆ ಅವಳ ಗುರುವಾರ ಉಳಿಯುತ್ತಿತ್ತು. ಅಚ್ಯುತನ್ ಉಳಿಯುತ್ತಿದ್ದನೋ ಇಲ್ಲವೋ ಹೇಳುವಂತಿರಲಿಲ್ಲ. ನಿನ್ನೆ ಕಚ್ಚಿದ ಚಕ್ರ ನೆನಪಾಗಿ, ಕಾಫಿ ಲೋಟವನ್ನು ಅಚ್ಯುತನ್ ಕೈಗಿತ್ತು ಗಂಡನ ಕಡೆ ತಿರುಗಿದಳು.

"ಅದು ಬೇಡ ರೀ. ನಮ್ಮ ಗಾಡೀಲಿರೋದು ನಿಮ್ಮ ಜೆಟ್ಟಲ್ಲ, ಹಳೇ ಅಳತೇದು. ನಿಮ್ಮದು ಹಾಕ್ಕೊಂಡು ಜೋರಾಗಿ ಹೋದಾಗ ಇಂಜಿನ್ ಕಚ್ಕೊಂಡು ಬೀಳೋಳಿದ್ದೆ. ನಿನ್ನೆ ಷಿಬು ಹತ್ರ ಬದಲಾಯಿಸ್ದೆ."

"ಓಡ್ಸಿದ್ದು ಯಾರು?"

"ನಾನೇ. ಎಲ್ಲಾ ಗುರುವಾರಾನೂ."

ಅಚ್ಯುತನ್ ಲೋಟ ಕೆಳಗಿಟ್ಟ. "ಬತ್ತೇರಿ ರೋಡಲ್ಲಿ ನನ್ನನ್ನೇ ಹಿಂದೆ ಹಾಕೋ ಕೆಂಪು ಹೆಲ್ಮೆಟ್ ನೀವೇಯಾ ಚೇಚೀ? ಗಾಡಿ ಪ್ರಸಾದನದೇ ಅನ್ನಿಸ್ತು. ಆ ಸ್ಪೀಡ್ ನೋಡಿ ಅಲ್ಲ ಅಂದ್ಕೊಂಡೆ."

ಮಹದೇವಪ್ರಸಾದ ತನ್ನ ಬೈಕಿನ ಕಾರ್ಬುರೇಟರ್ ಬಿಚ್ಚಿ ಜೆಟ್ ನೋಡಿದ, ಮತ್ತೆ ಕೂರಿಸಿದ, ಸಣ್ಣ ಜೆಟ್ಟನ್ನು ಮೊಳೆಯ ಡಬ್ಬಕ್ಕೆ ಹಾಕಿದ. ಅಂದಿನಿಂದ ಊಟಕ್ಕೆ ಕೂತರೂ ಹೂಂ, ಉಹೂಂ ಅಷ್ಟೇ. ತನ್ನ ಗುರುವಾರ ಮುಗಿಯಿತೆಂದು ಪ್ರೇಮಲತಾಗೆ ಅಳುವೇ ಬಂತು.

ಗುರುವಾರ ಬೆಳಿಗ್ಗೆ ಲಾರಿ ಹಾರನ್ ಹೊಡೆದರೆ ಮಹದೇವಪ್ರಸಾದ ಅದನ್ನು ಮುಂದೆ ಕಳಿಸಿದ. ತಾನು ಹೆಲ್ಮೆಟ್ ಹಾಕಿಕೊಂಡು ಬೈಕಿನ ಪಕ್ಕ ನಿಂತು ಕೀ ಚಾಚಿದ. "ಅದೆಂಗೆ ಓಡಿಸ್ತೀಯೋ ನೋಡೇಬಿಡ್ತೀನಿ."

ಬತ್ತೇರಿ ದಾಟಿತು. ನೇರ ರಸ್ತೆ ಬಂತು. ಅವಳು ಕೈ ತಿರುಗಿಸಿದೊಡನೆ ಎರಡು ಕೈಗಳು ಅವಳ ಸೊಂಟವನ್ನು ಅವುಚಿ ಹಿಡಿದವು.

"ಮೆಲ್ಲಗೆ ಕಣೇ, ಪ್ರೇಮಾ."

"ಮೆಲ್ಲಗೆ ಹೋದ್ರೆ ಇಂಜಿನ್‌ಗೆ ಒಳ್ಳೇದಲ್ಲ ರೀ" ಅಂದಳು.